ಬಾಳೆಹಣ್ಣಿನಡಿಯ ಕರಪತ್ರ

ಕ್ರಿಸ್‌ಮಸ್ ತಟ್ಟೆಯನ್ನು ಪಕ್ಕದ ಮನೆಯ ಜಗದಾಂಬಕ್ಕನ ಕೈಗೆ ಕೊಡುವಷ್ಟರಲ್ಲಿ ಫಿಲೋಮಿನಾ ಬಾಳೆಹಣ್ಣಿನಡಿಯ ಕರಪತ್ರವನ್ನು ಸರಕ್ಕನೆ ಎಳೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಮಾಂಸ ಬೇಯುವ ಒಲೆಯ ತಿಂಡಿ ಲಿಂಗಾಯತರ ಆ ಮನೆಯಲ್ಲಿ ನಡೆಯದೆಂದು, ಭದ್ರಾವತಿಯ ಕ್ವಾರ್ಟರ್ಸ್‌ಗೆ ಬಂದ ಹನ್ನೊಂದು ವರ್ಷದಿಂದಲೂ ಅವಳು ಹಣ್ಣು, ಕಲ್ಲುಸಕ್ಕರೆಯನ್ನಷ್ಟೇ ತರುತ್ತಿದ್ದಳು. ಈ ಸಲ ಚರ್ಚಿನವರು ಗೆಳೆಯರಿಗೆ ಹಂಚಿ ಎಂದು, ಯೇಸುವಿನ ಬಳಿಗೆ ಬನ್ನಿ ಎನ್ನುವ ಕರಪತ್ರ ಕೊಟ್ಟಿದ್ದರು. ಇಷ್ಟು ವರ್ಷ ಇದಕ್ಕೇ ಬರುತ್ತಿದ್ದೆಯಾ ಎಂದು ಅಕ್ಕ ಕೇಳಿಬಿಟ್ಟರೆ?

"ಏನೇ ಮಾರಾಯ್ತಿ, ಮುಚ್ಚಿಡ್ತಿರೋದು?"

"ಏನಿಲ್ಲ ಅಕ್ಕಾ, ಚರ್ಚಿನ ಕಾಗದ."

"ಕಾಗದ ಆಮೇಲೆ ಓದೋಣ." ಜಗದಾಂಬಕ್ಕ ತಟ್ಟೆಯನ್ನು ಪಕ್ಕಕ್ಕಿಟ್ಟು ಅವಳ ಕೈ ಹಿಡಿದುಕೊಂಡರು. "ನಮ್ಮನೆಯವ್ರು ಆಸ್ಪತ್ರೇಲಿದ್ದಾಗ ನನ್ನ ಪಕ್ಕ ಕೂತು, ಕಣ್ಮುಚ್ಕೊಂಡು ಏನೋ ಹೇಳ್ಕೊಳ್ತಿದ್ಯಲ್ಲ, ಅದನ್ನ ಇವತ್ತು ನಂಗೂ ಕೇಳಿಸೋ ಹಾಗೆ ಹೇಳು."