ಪಾಪಕ್ಕ ಹಾಡದೆ ಬಿಟ್ಟ ಪದ

ಶೈಲಜಾ ಕೇಬಲ್ ಬದಲಿಸಿ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಮತ್ತೆ ಸಿಕ್ಕಿಸಿದಳು. ಡಿಸ್ಕಿನ ದೀಪವೇನೋ ಮಿನುಗಿತು. ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದರೂ ಅಷ್ಟೇ. ಹೋದ ವರ್ಷ ತಳಕು ಊರಿನ ಇದೇ ಮನೆಯಲ್ಲಿ ಕೂತು, ಜನಪದ ಹಾಡುಗಳ ತನ್ನ ಸಂಶೋಧನೆಗೆಂದು ಪಾಪಕ್ಕನಿಂದ ಹಾಡಿಸಿಕೊಂಡಿದ್ದ ನಲವತ್ತು ಪದಗಳು ಅದರೊಳಗಿದ್ದವು. ಬೇರೆ ಪ್ರತಿ ಇರಲಿಲ್ಲ. ಅವನ್ನು ಪಾಪಕ್ಕನಿಗೆ ಕೇಳಿಸಲೆಂದೇ ಇವತ್ತು ಬಂದಿದ್ದಳು.

“ಏನಾತವ್ವ?” ಎಂದಳು ಎದುರಿಗೆ ಕೂತಿದ್ದ ಪಾಪಕ್ಕ.

“ಡಿಸ್ಕ್ ಹಾಕಿರೋದೇ ಇದಕ್ಕೆ ಗೊತ್ತಾಗ್ತಿಲ್ಲ ಪಾಪಕ್ಕ. ನಿಮ್ಮ ಪದ ಎಲ್ಲಾ ಹೋದ್ವು ಅನ್ಸುತ್ತೆ ರೀ.”

ಪಾಪಕ್ಕನ ಮುಖ ಬಾಡಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರದಿದ್ದರೂ ದನಿ ತಗ್ಗಿಸಿದಳು. “ಹೋದ್ರೆ ಹೋಗ್ಲಿ ಬಿಡವ್ವ. ಅವತ್ತು ನಮ್ಮತ್ತೆ ಪಕ್ಕದಾಗೇ ಕುಂತಿದ್ಲು. ಈ ಮನ್ಯಾಗೆ ನಾನು ಪಟ್ಟ ಪಾಡಿನ ಮ್ಯಾಲೆ ನಾನೇ ಒಂದು ಪದ ಕಟ್ಟೀನಿ, ಅದನ್ನ ಹಾಡಾಕೆ ಆಗ್ಲೇ ಇಲ್ಲ. ನಮ್ಮತ್ತೆ ಇವತ್ತು ಮಗಳ ಮನೆಗೆ ಮೊಳಕಾಲ್ಮೂರಿಗೆ ಹೋಗ್ಯಾಳೆ.”

ಶೈಲಜಾ ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟು, ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದಳು. ಪಾಪಕ್ಕ ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿ ಬಂದಳು. ಮೂವತ್ತು ವರ್ಷ ಯಾರ ಮುಂದೆಯೂ ಹಾಡದ ಪದವನ್ನು ಗಟ್ಟಿಯಾಗಿ ಎತ್ತಿಕೊಂಡಳು.