ಮೊದಲ ನೋಟ

ಪಟ್ಟಿ ಬಿಚ್ಚಲು ಸಿಸ್ಟರ್ ಸುಗಂಧಾ ಕೈ ಚಾಚಿದ್ದೇ ತಡ, ಲಕ್ಕವ್ವ ಬಲಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡಳು.

"ಇಲ್ಲಿ ಬ್ಯಾಡವ್ವಾ. ನನ್ನ ಸೊಸಿ ಸುಂದರಾ ಹರಕಿ ಹೊತ್ತಾಳ. ಮೊದಲ ನೋಟ ಮಂಗಸೂಳಿ ಮಲ್ಲಯ್ಯಂದು."

"ನಿನ್ನೆ ಅಷ್ಟ ಆಪರೇಶನ್ ಆಗೇತಿ ಆಯಿ. ಪಟ್ಟಿ ಬಿಚ್ಚಿ ಇಟ್ರ ಡಾಕ್ಟರ್ ಬಂದು ನೋಡಿ, ಔಷಧ ಬಿಡತಾರ. ನೀರು, ಧೂಳಿ ತಾಗಿದ್ರ ಕಣ್ಣ ಕೆಡತೈತಿ."

"ಧೂಳಿ ನನಗೇನ ಹೊಸಾದಾ? ಕುರಿ ಹಿಂದ ಹುಟ್ಟಿದಾಕಿ ನಾ."

"ಅದಕ್ಕ ಒಂದು ಕಣ್ಣ ಕುರಿ ಹಿಂದನ ಬಿಟ್ಟ ಬಂದೀರಿ," ಎಂದು ಸುಗಂಧಾ ನಕ್ಕಳು. "ಡಾಕ್ಟರ್ ಬರೂತನಕ ಸುಮ್ನ ಕುಂದರ್ರಿ." ಪಕ್ಕದ ಹಾಸಿಗೆಯಿಂದ ಯಾರೋ ಕರೆದರು, ಅತ್ತ ಹೋದಳು.

ಅವಳೆಂದದ್ದು ಸುಳ್ಳಲ್ಲ. ಎಡಗಣ್ಣು ಜಾಲಿಮುಳ್ಳಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದ ಒಂದಕ್ಕೆ ಪೊರೆ ಬಂದು, ಲಕ್ಕವ್ವ ಕುರಿಗಳನ್ನು ಕಿವಿ ಸವರಿ ಗುರುತು ಹಿಡಿಯುತ್ತಿದ್ದಳು. ಕುರಿಗಾರರ ಮಂದಿಯಲ್ಲಿ ಮೊದಲ ಮರಿ, ಮೊದಲ ಹಾಲು, ಮೊದಲು ಕತ್ತರಿಸಿದ ಉಣ್ಣೆ, ಎಲ್ಲವೂ ಮಂಗಸೂಳಿಯ ದೇವರು ಮಲ್ಲಯ್ಯನದು. ಅವನಿಗೆ ಮುಟ್ಟಿಸದೆ ತಾವು ಮುಟ್ಟುವುದಿಲ್ಲ. ಬರುವ ನೋಟವೂ ಅವನದೇ ಎಂದು ಸುಂದರಾ ಹರಕೆ ಹೊತ್ತಿದ್ದಳು.

ಈಗ ಪಕ್ಕದಲ್ಲಿ ನಿಂತ ಅವಳಿಗೇ ಅಳುಕು. "ಅತ್ತಿ, ಸಿಸ್ಟರ್ ಹೇಳಿದಂಗ ಕೇಳೂಣೇನ್ರಿ?"

"ಹರಕಿ ಹೊತ್ತಾಕಿನೂ ನೀನ, ಅಂಜಾಕಿನೂ ನೀನ? ನಡಿ. ಅಂವನ್ನ ನೋಡಿದ ಮ್ಯಾಲ ನಿನ್ನ ನೋಡಾಕಿ ನಾ. ನೀ ಮನಿಗಿ ಬಂದಾಗಿಂದ ಬರೇ ನಿನ್ನ ಬಳಿ ಸಪ್ಪಳ ಕೇಳೀನಿ. ನನ್ನ ಮಗಾ ನೀ ಭಾಳ ಚಂದ ಅದಿ ಅಂತಾನ. ಅಂವಾ ಕುಂಟ ಟಗರಿಗೂ ಚಂದ ಅಂತಾನ. ನಾನ ಕಣ್ಣಾರೆ ನೋಡಿ ಹೇಳ್ತೀನಿ."

ಸುಂದರಾ ಸೆರಗಿನಲ್ಲಿ ನಕ್ಕಳು. ಸುಗಂಧಾ ತಿರುಗಿ ನೋಡುವಷ್ಟರಲ್ಲಿ ಅತ್ತೆ ಸೊಸೆ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿದ್ದರು.

ಮಂಗಸೂಳಿಯ ಗುಡಿಯಲ್ಲಿ ದೇವರ ಎದುರು ಕೂರಿಸಿ ಸುಂದರಾ ತನ್ನ ಕೈಯಾರೆ ಪಟ್ಟಿ ಬಿಚ್ಚಿದಳು. ಲಕ್ಕವ್ವನ ರೆಪ್ಪೆ ನಡುಗಿತು, ತೆರೆಯಿತು. ಮೊದಲು ದೀಪ, ಆಮೇಲೆ ಬೆಳ್ಳಿಯ ಮುಖ.

"ಮೀಸಿ ಸೈತ ಕಾಣತೈತಿ ಬೇ," ಎಂದಳು ಮೆಲ್ಲಗೆ. ಕೈ ಮುಗಿದೇ ಇದ್ದಳು.

ಹಿಂದಿನಿಂದ ಯಾರೋ ಭಕ್ತರು ಏಳಕೋಟ ಎಂದು ದೇವರ ಜಯಕಾರ ಕೂಗಿ ಬೊಗಸೆ ಬೊಗಸೆ ಭಂಡಾರ ಎರಚಿದರು. ಅರಿಸಿನದ ಪುಡಿ ದೇವರ ಮೇಲೆ, ದೀಪದ ಮೇಲೆ, ಎಲ್ಲರ ತಲೆಯ ಮೇಲೆ ಇಳಿಯಿತು. ಲಕ್ಕವ್ವ ಮುಖ ಎತ್ತಿಯೇ ಅದನ್ನು ತೆಗೆದುಕೊಂಡಳು. ಸುಂದರಾ ಆಕೆಯ ಎದುರಿಗೆ ಬಂದು, ಅತ್ತೆಯ ಮುಂದೆ ಎಂದೂ ಸರಿಸದ ಸೆರಗನ್ನು ತಲೆಯಿಂದ ಸರಿಸಿ ನಿಂತಳು.

"ಅತ್ತಿ, ನನ್ನ ನೋಡ್ರಿ."

"ಇರ ಬೇ. ಕಣ್ಣಾಗ ಭಂಡಾರ ಹೊಕ್ಕೈತಿ, ಎಲ್ಲಾ ಹಳದಿ ಕಾಣಾಕತ್ತೈತಿ. ನಿನ್ನ ಮಾರಿ ಅರೆಬರೆ ನೋಡಬಾರದು. ತೊಳಕೊಂಡ ನೋಡ್ತೀನಿ."

ಹೊರಗಿನ ನಳದ ನೀರನ್ನು ಕಣ್ಣಿಗೆ ಎರಚಿಕೊಂಡಳು. ಉರಿ ಹೋಗಲಿಲ್ಲ. ಸೆರಗನ್ನು ಉಂಡೆ ಮಾಡಿ ಒತ್ತಿಕೊಂಡಳು. ಬಸ್ಸಿನಲ್ಲಿ, "ನಾಳಿ ಮುಂಜಾನೆ ನೋಡ್ತೀನಿ, ಆತಿಲ್ಲೋ?" ಎಂದಳು. ಸುಂದರಾ ಮತ್ತೆ ತಲೆಯ ಮೇಲೆ ಸೆರಗು ಹೊದ್ದಳು.

ಮುಂಜಾನೆ ಆ ಕಣ್ಣು ತೆರೆಯಲಿಲ್ಲ. ರೆಪ್ಪೆ ಊದಿ ಕೀವು ಸೋರುತ್ತಿತ್ತು. ಅದೇ ದವಾಖಾನೆಗೆ ಓಡಿದರು. ಡಾಕ್ಟರು ಸೂಜಿ ಕೊಟ್ಟರು, ತೊಳೆದರು, ದಿನವೂ ಬಂದು ಕಣ್ಣಿಗೆ ದೀಪ ಹಿಡಿದು, ಬೆಳಕು ಕಾಣುತ್ತದೆಯೇ ಎಂದು ಕೇಳಿದರು. ಕೊನೆಗೆ ಒಂದು ದಿನ ಕೇಳುವುದನ್ನು ಬಿಟ್ಟರು. ಬೈಯಲಿಲ್ಲ. ಸುಗಂಧಾ ಒಂದು ಕಪ್ ಚಹಾ ತಂದು ಸುಂದರಾಳ ಕೈಗಿಟ್ಟು, "ಅವತ್ತ ನಾ ನಿಮ್ಮ ಕೈ ಹಿಡಕೊಂಡ ಕುಂದ್ರಬೇಕಾಗಿತ್ತ," ಎಂದಷ್ಟೇ ಹೇಳಿ ಹೋದಳು.

ಚಹಾ ಆರಿತು. ಬೆಂಚಿನ ತುದಿಯಲ್ಲಿ ಲಕ್ಕವ್ವ ಕೂತಿದ್ದಳು.

"ಅತ್ತಿ, ಹರಕಿ ಹೊತ್ತಾಕಿ ನಾನ. ಒಂದು ಮಾತ ಬೈರಿ," ಎಂದಳು ಸುಂದರಾ.

"ಹಂತೇಲಿ ಬಾ."

ಸುಂದರಾ ಹತ್ತಿರ ಸರಿದು ಮುಖ ಒಡ್ಡಿದಳು. ಕುರಿಯ ಕಿವಿ ಸವರಿ ಒರಟಾದ ಬೆರಳುಗಳು ಅವಳ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗುಬೊಟ್ಟಿಗೆ, ಒದ್ದೆ ಕೆನ್ನೆಗೆ ನಿಧಾನ ಇಳಿದವು. ಗದ್ದದ ಹತ್ತಿರ ನಿಂತವು.

"ಮಲ್ಲಯ್ಯ ಅಲ್ಲೇ ಕುಂತಾಂವ, ಎಲ್ಲಿಗೂ ಹೋಗ್ತಿದ್ದಿಲ್ಲ," ಎಂದಳು ಲಕ್ಕವ್ವ. "ನಿನ್ನ ಮಾರಿ ಮೊದಲ ನೋಡಬೇಕಾಗಿತ್ತ."