ಖರೇ ವಾಲೆಟ್

ಗಾಜಿನ ಬಾಗಿಲು ತಳ್ಳಿಕೊಂಡು ಬಂದವನನ್ನು ಕಾಜಲ್ ನೋಡಿದ ಕೂಡಲೇ ಗುರುತಿಸಿದಳು. ಅವನು ಅವಳನ್ನು ಗುರುತಿಸಲಿಲ್ಲ.

"ಕ್ರಿಪ್ಟೋ ವಾಲೆಟ್ ಸುರಕ್ಷಿತವಾಗಿ ಹಾಕಿಕೊಡ್ತೀವಿ ಅಂತ ಹೊರಗ ಬೋರ್ಡ್ ಐತೆಲ್ಲ, ಅದನ್ನ ಮಾಡೋರು ಯಾರು?"

"ನಾನ ರೀ. ಕೂಡ್ರಿ, ಸರ್."

ಉದಯಕುಮಾರ ಹೊಸ ಲ್ಯಾಪ್‌ಟಾಪನ್ನು ಎದೆಗವಚಿಕೊಂಡೇ ಕುಳಿತ. ಹಳಿಯಾಳ ಬಸ್ ನಿಲ್ದಾಣದ ಎದುರಿನ ಆ ಕಂಪ್ಯೂಟರ್ ಅಂಗಡಿಯಲ್ಲಿ ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಾದುಹೋದಾಗಲೆಲ್ಲ ಬಾಗಿಲು ಗಡಗಡ ಎನ್ನುತ್ತಿತ್ತು.

ಐದು ತಿಂಗಳ ಹಿಂದೆ ಇದೇ ಮನುಷ್ಯ ಮುಂಡಗೋಡ ಕಡೆಯ ಅವಳ ತಾಂಡಾಕ್ಕೆ ಬಂದಿದ್ದ. ಆಗ ಕಾಜಲ್ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಅಣ್ಣ ದಿನೇಶನ ಹೆಗಲ ಮೇಲೆ ಕೈ ಹಾಕಿ ಅವನು ನಗುತ್ತಿದ್ದ ಫೋಟೋ ಮಾತ್ರ ಅವಳಿಗೆ ಬಂದಿತ್ತು. ಕ್ರಿಪ್ಟೋ ನಾಣ್ಯ ಇಡಲು ಬ್ರೌಸರಿಗೆ ಈ ವಾಲೆಟ್ ಸೇರಿಸಿಕೊಳ್ಳಿ ಎಂದು ಅವನು ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದ್ದ. ದಿನೇಶ ಸೇರಿಸಿಕೊಂಡ. ದಿನೇಶನ ಮಾತು ನಂಬಿ ಇನ್ನೂ ಹತ್ತು ಮನೆಯವರು ಸೇರಿಸಿಕೊಂಡರು. ಅದು ನಕಲಿ. ಅದರಲ್ಲಿ ಅವರು ಟೈಪು ಮಾಡಿದ, ವಾಲೆಟ್ಟಿಗೆ ಕೀಲಿಯಂತಿದ್ದ ಹನ್ನೆರಡು ಗುಪ್ತ ಪದಗಳು ಯಾರದೋ ಕೈ ಸೇರಿದವು. ಒಂದೇ ದಿನದಲ್ಲಿ ಎಲ್ಲರದೂ ಖಾಲಿ.

"ನನ್ನದೂ ಹೋತು, ನಾನೂ ಮೋಸ ಹೋದೆ" ಎಂದು ಉದಯಕುಮಾರ ಎಲ್ಲರಿಗಿಂತ ಜೋರಾಗಿ ಅತ್ತ. ತಾಂಡಾ ಅವನನ್ನು ನಂಬಿತು. ದಿನೇಶನನ್ನು ನಂಬಲಿಲ್ಲ. ಅವ್ವ ಗೀತಾಬಾಯಿ ನೀರಿಗೆ ಹೋದರೆ ನಳದ ಹತ್ತಿರದ ಹೆಂಗಸರು ಮಾತು ನಿಲ್ಲಿಸಿ ಸರಿದು ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಗೋವಾಕ್ಕೆಂದು ಹೋದ ದಿನೇಶ ಫೋನ್ ಬಂದ್ ಮಾಡಿದ. ಇವತ್ತಿಗೂ ಅದು ಹತ್ತಿಲ್ಲ.

ಕಾಜಲ್ ಓದು ಬಿಟ್ಟು ಈ ಅಂಗಡಿ ಸೇರಿದಳು. ಮಾಲೀಕ ಸಾತಪ್ಪನನ್ನು ಒಪ್ಪಿಸಿ ಬೋರ್ಡು ಬರೆಸಿದವಳೂ ಅವಳೇ. ವಾರಕ್ಕೆರಡು ಸಲ ಜೊಯಿಡಾ ಬಸ್ಸಿಗಾಗಿ ಉದಯಕುಮಾರ ಎದುರಿಗೇ ನಿಲ್ಲುತ್ತಾನೆಂದು ಅವಳಿಗೆ ಗೊತ್ತಿತ್ತು.

"ಹಳೇ ಲ್ಯಾಪ್‌ಟಾಪ್ ಸತ್ತು ಹೋತ್ರಿ" ಎಂದ ಅವನು. "ಈಗ ಹುಡುಕಿದ್ರ ಒಂದ ಹೆಸರಿನ ವಾಲೆಟ್ ಐದು ಬರ್ತಾವ. ಖರೇದು ಯಾವುದು ತಿಳೀವಲ್ದು. ಮೊದಲ ಎಲ್ಲಾ ಹೇಳಿಕೊಡತಿದ್ದ ಗೆಳೆಯಾ ಫೋನ್ ಎತ್ತವಲ್ಲ. ಯಾರನ್ನೂ ನಂಬೋ ಕಾಲ ಅಲ್ಲ ಇದು."

"ಹೌದ್ರಿ. ಯಾರನ್ನೂ ನಂಬಬಾರದು."

ಅವನು ಸಂಶಯದಿಂದಲೇ ಲ್ಯಾಪ್‌ಟಾಪ್ ತೆರೆದ. ಒಂದೇ ಬಣ್ಣದ, ಒಂದೇ ಚಿತ್ರದ ಐದು ಹೆಸರುಗಳು ಸಾಲಾಗಿ ಬಂದವು. ಎಲ್ಲಕ್ಕೂ ಮೇಲಿನದರತ್ತ ಅವನ ಬೆರಳು ಹೊರಟಿತು.

ಕಾಜಲ್ ಸುಮ್ಮನಿದ್ದಿದ್ದರೆ ಸಾಕಿತ್ತು. ಅವಳು ಅವನ ಕೈ ತಡೆದಳು.

"ಅದು ನಕಲಿ ರೀ. ಹೆಸರಿನಾಗ ಒಂದು ಅಕ್ಷರ ಜಾಸ್ತಿ ಐತಿ ನೋಡ್ರಿ. ಹಿಂಗ ಹುಡುಕಿ ಒತ್ತಬಾರದು."

ಉದಯಕುಮಾರ ಹಣೆಯ ಬೆವರು ಒರೆಸಿಕೊಂಡ.

ಅವಳು ವಾಲೆಟ್ ಕಂಪನಿಯ ಅಸಲಿ ಜಾಲತಾಣದ ಹೆಸರನ್ನು ಅಕ್ಷರ ಅಕ್ಷರವಾಗಿ ಅವನಿಂದಲೇ ಟೈಪು ಮಾಡಿಸಿದಳು. ಅಲ್ಲಿಂದಲೇ ಮುಂದಿನ ಪುಟಕ್ಕೆ ಹೋಗಿಸಿದಳು. ತಯಾರಿಸಿದವರ ಹೆಸರು, ಎಷ್ಟು ಜನ ಬಳಸುತ್ತಿದ್ದಾರೆ, ಏನೇನು ಅನುಮತಿ ಕೇಳುತ್ತದೆ, ಎಲ್ಲ ಓದಿಸಿದಳು. ಆಮೇಲೇ ಒತ್ತಿಸಿದಳು. ಮೂಲೆಯಲ್ಲಿ ವಾಲೆಟ್ಟಿನ ಚಿಕ್ಕ ಗುರುತು ಮೂಡಿತು.

"ಹೊಸಾದು ತೆರೀಲ್ರಿ, ಇಲ್ಲಾ ಹಳೇದನ್ನ ತರೋದೈತ್ರಿ?"

"ಹಳೇದ. ಎರಡು ವರ್ಷದ್ದು. ನನ್ನ ಬಿಟ್ಟು ಯಾರೂ ಮುಟ್ಟಿಲ್ಲ."

"ಹಂಗಾದ್ರ ಹನ್ನೆರಡು ಪದ ನೀವ ಹಾಕ್ರಿ. ನನಗೂ ತೋರಿಸಬ್ಯಾಡ್ರಿ. ಕೇಳಿದವರು ಯಾರಾದ್ರೂ ಕಳ್ಳರ ಅಂತ ತಿಳೀರಿ."

ಅವಳು ಕುರ್ಚಿ ತಿರುಗಿಸಿ ಗೋಡೆಯತ್ತ ಮುಖ ಮಾಡಿ ಕುಳಿತಳು. ಬೆನ್ನ ಹಿಂದೆ ಚೀಟಿ ಬಿಚ್ಚಿದ ಸದ್ದು. ಒಂದೊಂದೇ ಕೀಲಿ ಒತ್ತಿದ ಸದ್ದು.

"ಬಂತು!" ಅವನು ಕೂಗಿಯೇ ಬಿಟ್ಟ. "ಎಲ್ಲಾ ಇದ್ದಂಗ ಐತಿ!"

ಅವಳು ತಿರುಗಿದಳು. ಮೊತ್ತದ ಕಡೆ ನೋಡಲಿಲ್ಲ. ಅದರ ಮೇಲಿದ್ದ ವಾಲೆಟ್ ವಿಳಾಸವನ್ನು, ಬ್ಯಾಂಕ್ ಖಾತೆ ಸಂಖ್ಯೆಯಂಥ ಆ ಉದ್ದನೆಯ ಅಕ್ಷರ ಅಂಕಿಗಳ ಸಾಲನ್ನು, ಪೂರ್ತಿ ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಯಾಕ? ಏನಾರ ತಪ್ಪಾತೇನು?"

"ಇಲ್ರಿ. ಸರಿಯಾಗೇ ಐತಿ."

ಉದಯಕುಮಾರ ಎದ್ದವನು ಮತ್ತೆ ಕುಳಿತ. "ನಾಳೆ ಹೆಚ್ಚುಕಮ್ಮಿ ಆದ್ರ? ಅಂಗಡಿ ಶಿಕ್ಕಾ ಹಾಕಿ ಬರದು ಕೊಡ್ರಿ. ಇದರಾಗಿನ ಒಂದು ಪೈಸಾ ಹೋದ್ರೂ ನಾ ನಿಮ್ಮನ್ನ ಬಿಡಾಂಗಿಲ್ಲ."

"ಕೊಡ್ತೇನ್ರಿ. ಏನಂತ ಬರೀಲಿ?"

"ಆ ವಿಳಾಸ ಪೂರ್ತಿ ಹಾಕ್ರಿ. ಆಮ್ಯಾಲ ಅದು ಬ್ಯಾರೆ ವಾಲೆಟ್ ಅನ್ನಬಾರದು."

"ಹಂಗಾರ ಇದು ನಿಮ್ಮದ ಅಂತ ನೀವೂ ಬರದು ಸಹಿ ಹಾಕ್ರಿ. ಆಧಾರ್ ಝೆರಾಕ್ಸ್ ಒಂದು ಇರ್ಲಿ. ನಮಗೂ ಪುರಾವೆ ಬೇಕಲ್ರಿ."

ಅವನಿಗೆ ಅದು ನ್ಯಾಯವೆನ್ನಿಸಿತು. ಅಂಗಡಿಯ ಮುದ್ರೆ ಒತ್ತಿದ ಎರಡು ಪ್ರತಿ ಆದವು. ಎರಡಕ್ಕೂ ಅವನು ಒತ್ತಿ ಒತ್ತಿ ಬರೆದು ಸಹಿ ಮಾಡಿದ, ಒಂದನ್ನು ಮಡಚಿ ಜೇಬಿಗಿಟ್ಟ.

"ನಿಮ್ಮಂಥಾ ಪ್ರಾಮಾಣಿಕರು ಸಿಗೂದ ಕಡಿಮಿ, ತಂಗಿ" ಎಂದ.

ಜೊಯಿಡಾ ಬಸ್ಸು ಬಂತು. ಅವನು ಕಿಟಕಿಯ ಪಕ್ಕ ಕುಳಿತದ್ದನ್ನು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡದ್ದನ್ನು ಕಾಜಲ್ ಗಾಜಿನ ಹಿಂದಿನಿಂದ ನೋಡಿದಳು. ಬಸ್ಸು ಹೊರಟ ಮೇಲೆ ಅವ್ವನಿಗೆ ಫೋನ್ ಹಚ್ಚಿದಳು. ಹತ್ತೂ ಮನೆಯವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಬಾ ಎಂದು ಲಂಬಾಣಿಯಲ್ಲಿ ಹೇಳಿದಳು. ಯಾಕೆಂದು ಗೀತಾಬಾಯಿ ಕೇಳಿದಾಗ ಅವಳಿಗೆ ಅಳು ಬಂತು. ಮೇಜಿನ ಮೇಲಿನ ಕಾಗದವನ್ನು ಮತ್ತೊಮ್ಮೆ ನೋಡಿದಳು.

ಹನ್ನೊಂದು ಮನೆಗಳ ನಾಣ್ಯವೆಲ್ಲ ಹೋಗಿ ಬಿದ್ದಿದ್ದ ವಿಳಾಸ ಐದು ತಿಂಗಳಿಂದ ಇಂಟರ್ನೆಟ್ಟಿನ ಬಹಿರಂಗ ಲೆಕ್ಕದಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಕಾಜಲ್‌ಗೆ ಬಾಯಿಪಾಠವಾಗಿತ್ತು, ಅದು ಯಾರದೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಈಗ ಕಾಗದದ ಮೇಲಿದ್ದ ಅದೇ ವಿಳಾಸದ ಕೆಳಗೆ ‘ಇದು ನನ್ನ ಸ್ವಂತ ವಾಲೆಟ್’ ಎಂದು ಉದಯಕುಮಾರ ತನ್ನ ಕೈಯಾರೆ ಬರೆದುಕೊಟ್ಟಿದ್ದ.